ಗ್ಯಾಸ್ ಉಂಟು

ಸುಳ್ಯದ ಆ ಫಾರ್ಮಸಿ ಕಾಲೇಜಿನ ಹಿಂಬದಿಯಲ್ಲಿ ಎರಡು ಕೋಣೆಗಳು ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಒಂದರಲ್ಲಿ ಬಿಳಿ ಇಲಿಗಳು. ಇನ್ನೊಂದರಲ್ಲಿ ಪ್ರೀತಿಕಾ ಬೆಳೆಸುತ್ತಿದ್ದ ಮನುಷ್ಯರ ಯಕೃತ್ತಿನ ಜೀವಕೋಶಗಳು. ಊರವರು ಕಾಮಾಲೆಗೆ ಕುಡಿಯುವ ಒಂದು ಕಷಾಯ ಯಕೃತ್ತನ್ನು ಉಳಿಸುತ್ತದೋ ಕೆಡಿಸುತ್ತದೋ ಎಂದು ತಿಳಿಯುವುದು ಅವಳ ಪಿಎಚ್‌ಡಿಯ ಕೆಲಸ. ಇಲಿಗಳಿಗೆ ಕುಡಿಸಿ ನೋಡಲು ಸಮಿತಿಯ ಒಪ್ಪಿಗೆ ಸಿಕ್ಕಿ, ಇಲಿಗಳೂ ಬಂದಾಗಿತ್ತು. ಅವುಗಳನ್ನು ಕಂಡ ಮೇಲೆ ಅವಳಿಗೆ ಮನಸ್ಸು ಬರಲಿಲ್ಲ. ಅದೇ ಉತ್ತರವನ್ನು ಕೋಶಗಳಿಂದಲೇ ತೆಗೆದು ತೋರಿಸುತ್ತೇನೆಂದು ಮಾರ್ಗದರ್ಶಕ ಅಚ್ಚುತ ಸರ್ ಬೆನ್ನು ಬಿದ್ದಿದ್ದಳು.

"ಆಯ್ತು ಮಾರಾಯ್ತಿ. ಸೋಮವಾರ ನಿನ್ನ ಕೋಶಗಳು ಉತ್ತರ ಕೊಟ್ರೆ ಇಲಿ ಮುಟ್ಟುದು ಬೇಡ, ತಳಿಗೆ ಬಿಡುವ, ಮರಿ ಹಾಕಿಕೊಂಡು ಇರ್ಲಿ. ಕೊಡದಿದ್ರೆ ಮತ್ತೆ ನನ್ನ ಹತ್ರ ಅಳ್ಲಿಕ್ಕೆ ಬರ್ಬೇಡ," ಎಂದಿದ್ದರು.

ಶನಿವಾರ ಕೋಶಗಳಿಗೆ ಕಷಾಯ ಹಾಕಿ, ಅವುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ಮುಚ್ಚಿ ಅವಳು ಸವಣೂರಿಗೆ ಹೋದಳು. ಮರುದಿನ ಅಲ್ಲಿ ಚಿಕ್ಕಮ್ಮನ ಬೊಜ್ಜ. ಸತ್ತವರ ಹೆಸರಿನ ಊಟಕ್ಕೆ ಎಲೆಯ ಮುಂದೆ ಕೂತಾಗ ಫಕ್ಕನೆ ನೆನಪಾಯಿತು: ಪೆಟ್ಟಿಗೆಗೆ ಇಂಗಾಲದ ಡೈಆಕ್ಸೈಡ್ ಹೋಗುವ ಸಿಲಿಂಡರಿನ ಮಾಪಕದ ಮುಳ್ಳು ತೀರ ಕೆಳಗಿತ್ತು. ಆ ಗ್ಯಾಸ್ ನಿಂತರೆ ಕೋಶಗಳು ಬದುಕುವುದಿಲ್ಲ. ಬದಲಿ ಸಿಲಿಂಡರ್ ಪಕ್ಕದಲ್ಲೇ ಇತ್ತು, ತಿರುಗಿಸಿ ತೆರೆದರೆ ಸಾಕು. ಭಾನುವಾರ ಇಲಿಗಳಿಗೆ ತಿನ್ನಲು ಹಾಕಲು ಬರುವ ತ್ಯಾಂಪಣ್ಣನ ಹತ್ತಿರ ಎರಡೂ ಕೋಣೆಗಳ ಬೀಗದಕೈ ಇರುತ್ತದೆ. ಅವಳು ಎಡಗೈಯಲ್ಲಿ ಫೋನ್ ಹಿಡಿದಳು.

"ತ್ಯಾಂಪಣ್ಣ, ಗ್ಯಾಸ್ ಉಂಟಾ ಅಂತ ಒಮ್ಮೆ ನೋಡಿ."

"ಎಂತ? ಕೇಳುದಿಲ್ಲ ಮೇಡಂ."

"ಗ್ಯಾಸ್! ಗ್ಯಾಸ್ ಉಂಟಾ?"

ಪಕ್ಕದ ಎಲೆಯಿಂದ ಮಾವ ಬಗ್ಗಿ ನೋಡಿದರು. "ಎಂತ ಮಗಾ, ಕಡ್ಲೆಬೇಳೆ ಪಾಯಸ ಹೆಚ್ಚಾಯ್ತಾ?"

ಸಾಲಿಡೀ ನಕ್ಕಿತು. ನಾಚಿಕೆಯಿಂದ ಅವಳು ದನಿ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ತ್ಯಾಂಪಣ್ಣನ ದನಿ ಬಂತು: "ಉಂಟು ಮೇಡಂ, ಫುಲ್ ಉಂಟು. ನೀವು ಬಂದ ಕೂಡ್ಲೆ ಮಾಡುವ."

ಮುಳ್ಳು ನೋಡಿದ್ದರಲ್ಲಿ ತನಗೇ ತಪ್ಪಾಗಿರಬೇಕು, ಸಿಲಿಂಡರ್ ಬದಲಿಸುವುದನ್ನು ಹೋದ ಮೇಲೆ ಮಾಡಿದರಾಯಿತು ಎಂದುಕೊಂಡು ಅವಳು ನೆಮ್ಮದಿಯಿಂದ ಇನ್ನೊಮ್ಮೆ ಪಾಯಸ ಹಾಕಿಸಿಕೊಂಡಳು.

ಸೋಮವಾರ ಪೆಟ್ಟಿಗೆ ತೆರೆದಾಗ ಕೋಶಗಳನ್ನು ಬೆಳೆಸುವ ತಟ್ಟೆಗಳಲ್ಲಿದ್ದ ಕಿತ್ತಳೆಗೆಂಪು ದ್ರವ ನೇರಳೆಗೆ ತಿರುಗಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ತಳಕ್ಕೆ ಅಂಟಿಕೊಂಡು ಹರಡಿರಬೇಕಿದ್ದ ಕೋಶಗಳು ಮುದುಡಿ, ಬಿಟ್ಟುಬಂದು, ತೇಲುತ್ತಿದ್ದವು. ಕಷಾಯ ಹಾಕಿದವೂ ಸತ್ತಿದ್ದವು, ಹಾಕದೆ ಇಟ್ಟವೂ ಸತ್ತಿದ್ದವು. ಇನ್ನು ಕಷಾಯದ ಬಗ್ಗೆ ಅವು ಹೇಳುವುದು ಏನೂ ಇರಲಿಲ್ಲ. ಸಿಲಿಂಡರಿನ ಮುಳ್ಳು ಸೊನ್ನೆಯಲ್ಲಿತ್ತು. ಪಕ್ಕದ ತುಂಬಿದ ಸಿಲಿಂಡರನ್ನು ಯಾರೂ ಮುಟ್ಟಿರಲಿಲ್ಲ.

ಅಚ್ಚುತ ಸರ್ ಬಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಪುನಃ ಕೋಶ ತರಿಸ್ತೇನೆ ಸರ್."

"ತರಿಸು. ಅದು ಬರುವಾಗ ಮಳೆಗಾಲ ಕಳೀತದೆ. ಉತ್ತರ ಸಿಗುವವರೆಗೆ ಇಲಿಗಳನ್ನು ತಳಿಗೆ ಬಿಡ್ಲಿಕ್ಕೆ ಆಗುದಿಲ್ಲ, ಅಷ್ಟೊತ್ತಿಗೆ ಅವುಗಳ ಪ್ರಾಯ ದಾಟ್ತದೆ. ಪ್ರಾಯ ದಾಟಿದ್ದನ್ನು ತಳಿಗೂ ಬಿಡುದಿಲ್ಲ, ಪರೀಕ್ಷೆಗೂ ಆಗುದಿಲ್ಲ. ಮತ್ತೆ ಎಂತ ಮಾಡುದು ಅಂತ ನಿನಗೆ ಗೊತ್ತುಂಟು."

"ಸರ್, ಯಾರಾದ್ರೂ ಮನೆಯಲ್ಲಿ ಸಾಕಲಿಕ್ಕೆ..."

"ಇಲಿಯನ್ನಾ? ಸುಳ್ಯದಲ್ಲಾ?" ಅವರು ನಗಲು ಹೋಗಿ ಅವಳ ಮುಖ ಕಂಡು ನಿಲ್ಲಿಸಿದರು. "ನೋಡು, ಹೇಗೂ ಸಾಯುದು. ಸುಮ್ಮನೆ ಸಾಯುದಕ್ಕಿಂತ ಒಂದು ಉಪಯೋಗಕ್ಕಾಗಿ ಸಾಯ್ಲಿ. ಇವತ್ತೇ ಶುರು ಮಾಡು."

ಅವರು ಸಿಟ್ಟು ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರ ದನಿಯಲ್ಲಿ ಕನಿಕರವಿತ್ತು.

ಇಲಿಗಳ ಕೋಣೆಯಲ್ಲಿ ತ್ಯಾಂಪಣ್ಣ ಅವಳನ್ನೇ ಕಾಯುತ್ತಿದ್ದರು. ಮೂಲೆಯಲ್ಲಿ ಗಾಜಿನ ದೊಡ್ಡ ಪೆಟ್ಟಿಗೆ ತೊಳೆದು ಕವುಚಿ ಹಾಕಿದ್ದರು. ಅದರ ಹಿಂದೆ ಇನ್ನೊಂದು ಸಿಲಿಂಡರ್. ಪರೀಕ್ಷೆ ಮುಗಿದ ಇಲಿಗಳನ್ನು ಆ ಗಾಜಿನೊಳಗಿಟ್ಟು ಈ ಗ್ಯಾಸ್ ತುಂಬಿಸುವುದು ಅಲ್ಲಿಯ ಕ್ರಮ. ಅದೂ ಇಂಗಾಲದ ಡೈಆಕ್ಸೈಡೇ.

"ನೀವು ಫೋನ್ ಮಾಡಿದ ಮೇಲೆ ತೊಳೆದು ರೆಡಿ ಮಾಡಿ ಇಟ್ಟೆ ಮೇಡಂ."

"ನಾನು ಫೋನ್ ಮಾಡಿದ್ದು ಇದಕ್ಕಾ?"

"ಗ್ಯಾಸ್ ಉಂಟಾ ಅಂತ ಕೇಳಿದ್ರಲ್ಲ." ತ್ಯಾಂಪಣ್ಣ ಸಿಲಿಂಡರಿನ ತಲೆಯನ್ನು ತಟ್ಟಿದರು. "ನಿಮ್ಮಿಂದ ಆಗ್ಲಿಕ್ಕಿಲ್ಲ ಅಂತ ಗ್ರಹಿಸಿದ್ದೆ. ಬೊಜ್ಜದ ಮನೆಯಿಂದ ಫೋನ್ ಮಾಡಿ ಕೇಳುವಾಗ ನನಗೇ ಆಶ್ಚರ್ಯ ಆಯ್ತು. ಗಟ್ಟಿ ಆದ್ರಿ ನೀವು."

ಅದು ಮೆಚ್ಚುಗೆ. ಯಾವ ಗ್ಯಾಸ್ ಎಂದು ಅವಳು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಎಷ್ಟೋ ವರ್ಷಗಳಿಂದ ಆ ಕೋಣೆಯಲ್ಲಿ ಗ್ಯಾಸ್ ಎಂದರೆ ಒಂದೇ ಅರ್ಥ. ಹೇಳಿಬಿಡಬೇಕೆಂದು ತುಟಿ ತೆರೆದಳು. ಹೇಳಿದರೆ ಈ ಮನುಷ್ಯ ರಾತ್ರಿ ಮನೆಗೆ ಹೋಗಿ ತನ್ನಿಂದಲೇ ಇಷ್ಟಾಯಿತೆಂಬುದನ್ನು ಇಟ್ಟುಕೊಂಡು ಏನು ಮಾಡಬೇಕು? ಕಷಾಯದ ಬಾಟಲಿ ತರಲು ಹೊರಟಳು.

ಮಧ್ಯಾಹ್ನ ಕಷಾಯ ಅಳೆದಳು. ಇಲಿಯ ಗಂಟಲಿಗೆ ಇಳಿಸುವ ಬಾಗಿದ ಕೊಳವೆಯನ್ನು ಸಿರಿಂಜಿಗೆ ಸಿಕ್ಕಿಸಿದಳು. ಮೊದಲ ಗೂಡು ತೆರೆದಾಗ ತ್ಯಾಂಪಣ್ಣ ದಪ್ಪ ಕೈಗವಸು ಮುಂದೆ ಹಿಡಿದರು.

"ಹಾಕಿಕೊಳ್ಳಿ. ಮೊದಲ ದಿನ ಎಲ್ಲ ಕಚ್ಚುತ್ತವೆ."

"ಇವು ಕಚ್ಚುದಿಲ್ಲ."

ಬಂದ ದಿನದಿಂದ ಒಂದೊಂದನ್ನೇ ಅಂಗೈಯಲ್ಲಿ ಕೂರಿಸಿ, ಬೆನ್ನು ಸವರಿ, ಮನುಷ್ಯರ ಹೆದರಿಕೆ ಬಿಡಿಸಿದವಳು ಅವಳೇ. ಇಲಿ ಅವಳ ಬೆರಳನ್ನು ಮೂಸಿ, ತಾನಾಗಿಯೇ ಕೈಯೇರಿತು. ಕುತ್ತಿಗೆಯ ಹಿಂದೆ ಹಿಡಿದು ಎತ್ತಿದಾಗಲೂ ಕೊಸರಲಿಲ್ಲ. ಅವಳು ಕೊಳವೆ ಇಳಿಸಿದಳು. ಅದು ನುಂಗಿತು.

"ಎಷ್ಟು ಪಾಪದ್ದು ಮಾರಾಯ್ರೆ," ಎಂದರು ತ್ಯಾಂಪಣ್ಣ.

ಪ್ರೀತಿಕಾ ಅದನ್ನು ಗೂಡಿಗೆ ಬಿಟ್ಟು ಮುಂದಿನ ಗೂಡಿನತ್ತ ತಿರುಗಿದಳು. ಒಳಗಿನ ಇಲಿ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.