ಸಾಮ್ಲಿಯಕ್ಕನ ಪಥ್ಯ

ಸಾಮ್ಲಿಯಕ್ಕ ಎರಡೂ ಕಾಲಿನ ಮೇಲೆ ನಿಂತದ್ದನ್ನು ನಮ್ಮ ಬೀದಿಯವರು ಕಂಡದ್ದು ಅಪರೂಪ. ಸಂತೆಯಲ್ಲಿ ಮೀನಿನವಳು ಚಿಲ್ಲರೆ ಹುಡುಕುವಷ್ಟು ಹೊತ್ತು, ಪೇಟೆಗೆ ಹೋಗುವ ಬಸ್ಸು ಬರುವಷ್ಟು ಹೊತ್ತು, ಕೊನೆಗೆ ಬೌದ್ಧ ವಿಹಾರದ ಜಗಲಿಯಲ್ಲಿ ಸೂತ್ರಪಠಣಕ್ಕೆ ಜನ ಕೂಡುವಷ್ಟು ಹೊತ್ತು ಕೂಡ, ಆಕೆ ಉಟ್ಟ ಬಟ್ಟೆಯ ಅಂಚನ್ನು ಎಡಗೈಯಲ್ಲಿ ಹಿಡಿದು, ಬಲಗಾಲನ್ನು ಮಡಚಿಕೊಂಡು, ಗದ್ದೆಯ ಕೊಕ್ಕರೆಯ ಗಾಂಭೀರ್ಯದಿಂದ ನಿಂತಿರುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು ಹೀಗೆ ನಿಂತರೆ ಹೊಸಬರು ಬೆರಗಾಗುತ್ತಿದ್ದರು. ಆರೋಗ್ಯ ಕೇಂದ್ರದಲ್ಲಿ ವೃದ್ಧರಿಗೆ ಹೇಳಿಕೊಟ್ಟ ಸಮತೋಲನದ ಪಾಠವನ್ನು ಈಕೆ ವ್ರತವಾಗಿ ಹಿಡಿದಿದ್ದಾಳೆಂಬುದು ನಮಗೆಲ್ಲ ಗೊತ್ತಿತ್ತು.

"ಮುದುಕರು ಕಾಯಿಲೆಯಿಂದ ಸಾಯಲ್ಲ ಮೇಷ್ಟ್ರೇ, ಬಿದ್ದು ಸಾಯ್ತಾರೆ. ಎಲ್ಲಿ, ನೀವೂ ಒಂದು ಕಾಲೆತ್ತಿ ನೋಡೋಣ" ಎಂದು ಒಮ್ಮೆ ನಡುಬೀದಿಯಲ್ಲಿ ನನಗೆ ಸವಾಲು ಹಾಕಿದಳು. ಜೀವಮಾನವಿಡೀ ಮಕ್ಕಳಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಟ್ಟ ನಾನು ಕಾಲೆತ್ತಿ, ಮರುಕ್ಷಣವೇ ದೀಪದ ಕಂಬವನ್ನು ತಬ್ಬಿಕೊಂಡೆ.

"ಪಾಪ, ಕಂಬಕ್ಕೆ ವಯಸ್ಸಾಗಿದೆ. ಹೆಂಗ್ ಅಲ್ಲಾಡ್ತಿದೆ ನೋಡಿ" ಎಂದು ಹೇಳಿ ಆಕೆ ಮುಂದೆ ಹೋದಳು. ಅಂದು ಬೀದಿಯೇ ನಕ್ಕಿತು.

ಆಕೆಯದೊಂದು ಕೋಟಿತ್ತು. ಹಳೆಯ ಬಟ್ಟೆಯ ಅಂಗಡಿಯಲ್ಲಿ ಕೊಂಡ, ಯಾವುದೋ ಚಳಿದೇಶದ ಗಂಡಸಿಗೆ ಹೊಲಿದ, ಮೊಣಕಾಲು ಮುಟ್ಟುವ ಕಂದು ಉಣ್ಣೆಯ ಕೋಟು. ಬೆಂಕಿಯಂಥ ಬಿಸಿಲಿನ ನಮ್ಮ ಊರು ಫೆಟ್ಚಬುರಿಯಲ್ಲಿ ಅದನ್ನು ತೊಟ್ಟು ಗುಂಡಿಗಳನ್ನೆಲ್ಲ ಹಾಕಿಕೊಂಡು ಆಕೆ ಹೊರಟಳೆಂದರೆ, ಅಂದು ಆಸ್ಪತ್ರೆಯ ತಪಾಸಣೆಯ ದಿನವೆಂದು ಅರ್ಥ. ಆಸ್ಪತ್ರೆಯ ಹಜಾರದ ತಂಪುಯಂತ್ರ ಮೂಳೆ ಕೊರೆಯುತ್ತದೆಂದು ಆಕೆಯ ದೂರು. ಮೈಗೆ ಒಂದು ನೋವೂ ಇಲ್ಲದ ದಿನ ಆಸ್ಪತ್ರೆಗೆ ಹೋಗುವ ಪ್ರಾಣಿ ನಮ್ಮಲ್ಲಿ ಆಕೆಯೊಬ್ಬಳೇ ಆಗಿದ್ದುದರಿಂದ, ಆ ಕೋಟನ್ನು ಕಂಡೊಡನೆ ಬೀದಿಯ ಗಂಡಸರು ಮೆಲ್ಲಗೆ ಹಿತ್ತಲಿಗೆ ಜಾರುತ್ತಿದ್ದರು. ಯಾಕೆಂದರೆ ಆಕೆ ಒಬ್ಬಳೇ ಹೋಗುತ್ತಿರಲಿಲ್ಲ. ಸಿಕ್ಕವರನ್ನು ಎಳೆದುಕೊಂಡು ಹೋಗುತ್ತಿದ್ದಳು. ಕಣ್ಣಿನ ಪರೀಕ್ಷೆ, ಹಲ್ಲಿನ ಪರೀಕ್ಷೆ, ರಕ್ತದೊತ್ತಡ, ಸಕ್ಕರೆ, ಜ್ವರ ಬಾರದ ಹಾಗೆ ಹಾಕುವ ಲಸಿಕೆ, ಎಲ್ಲವೂ ಸರಕಾರದ ವಿಮೆಯಲ್ಲಿ ಪುಕ್ಕಟೆ. ಕರುಳಿನ ಪರೀಕ್ಷೆಗೆಂದು ಮನೆಮನೆಗೆ ಹಂಚಿದ ಪುಟ್ಟ ಡಬ್ಬಿಯನ್ನು ತುಂಬಿ ಕೊಟ್ಟಿರಾ ಇಲ್ಲವಾ ಎಂದು ತುಂಬಿದ ಸಂತೆಯಲ್ಲಿ ಎತ್ತರದ ದನಿಯಲ್ಲಿ ವಿಚಾರಿಸುವುದಕ್ಕೂ ಆಕೆಗೆ ಸಂಕೋಚವಿರಲಿಲ್ಲ. ಮಾನ ಉಳಿಸಿಕೊಳ್ಳಲೆಂದೇ ಎಷ್ಟೋ ಜನ ಡಬ್ಬಿ ತಲುಪಿಸಿದರು.

"ತಾಳೆಮರಕ್ಕೆ ಕೊಳವೆ ಕಟ್ಟಿ, ಬೆಳಗ್ಗೆ ಇಳಿಸ್ಕೊಳ್ಳದೆ ಬಿಟ್ರೆ ರಸ ಹುಳಿಯಾಗಲ್ವಾ? ಹಂಗೇ ಈ ವಿಮೆ. ಸರ್ಕಾರ ಕಟ್ಟಿಟ್ಟಿದೆ. ಹತ್ತಿ ಇಳಿಸ್ಕೊಳ್ಳೋದು ನಮ್ಮ ಕೆಲಸ" ಎಂಬುದು ಆಕೆಯ ತರ್ಕ.

ತಾಳೆಮರದ ಮಾತು ಆಕೆಗೆ ಸಹಜವಾಗಿ ಬರುತ್ತಿತ್ತು. ಗಂಡ ತೊಂಗ್ಯೂ ನಮ್ಮ ಸೀಮೆಯಲ್ಲೇ ಹೆಸರಾದ ಬೆಲ್ಲದ ಕೆಲಸಗಾರ. ಬೆಳಗಾಗುವ ಮುನ್ನ ಮರಗಳನ್ನೇರಿ ರಸ ಇಳಿಸಿ, ಬಿಸಿಲೇರುವಷ್ಟರಲ್ಲಿ ದೊಡ್ಡ ಬಾಣಲೆಯಲ್ಲಿ ಬೆಲ್ಲ ಕುದಿಸುತ್ತಿದ್ದ ಆಳು. ಆಸ್ಪತ್ರೆಯೆಂದರೆ ಅವನಿಗೆ ಆಗುತ್ತಿರಲಿಲ್ಲ. "ಹುಡುಕಿದ್ರೆ ಏನಾದ್ರೂ ಸಿಕ್ಕೇ ಸಿಗುತ್ತೆ, ಯಾಕೆ ಹುಡುಕ್ಬೇಕು?" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಬಾಣಲೆಯ ಮುಂದೆ ಸೌಟು ಅವನ ಕೈಯಿಂದ ಜಾರಿತು, ಮುಖದ ಒಂದು ಪಕ್ಕ ಇಳಿಬಿತ್ತು, ಸಂಜೆಗೆ ಎಲ್ಲ ಮುಗಿಯಿತು. ಇವರಿಗೆ ಎಷ್ಟೋ ವರ್ಷದಿಂದ ರಕ್ತದೊತ್ತಡ ಇದ್ದಿರಬೇಕು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವೇ ಎಂದು ವೈದ್ಯರು ಕೇಳಿದರಂತೆ. ಕೋಟು ಬಂದದ್ದು ಅದಾದ ಮೇಲೆ.

ತಪಾಸಣೆಯ ಫಲವನ್ನು ಮೊದಲು ಉಂಡವಳು ಆಕೆಯೇ. ಸಕ್ಕರೆ ಅಂಚಿನಲ್ಲಿದೆ, ಇಂದೇ ಹುಷಾರಾದರೆ ಮಾತ್ರೆ ಬೇಕಿಲ್ಲ ಎಂದು ಆರೋಗ್ಯ ಕೇಂದ್ರದವರು ಹೇಳಿದ ದಿನವೇ ಆಕೆ ಸಿಹಿ ಬಿಟ್ಟಳು. ಬೇರೆ ಊರಿನಲ್ಲಿ ಸಿಹಿ ಬಿಡುವುದು ಒಂದು ಮಾತು. ಫೆಟ್ಚಬುರಿಯಲ್ಲಿ ಬಿಡುವುದು ಬೇರೆಯೇ ಮಾತು. ನಮ್ಮ ಪೇಟೆಬೀದಿಯಲ್ಲಿ ಉಸಿರಾಡಿದರೇ ಬೆಲ್ಲದ ವಾಸನೆ. ಅದರಲ್ಲೂ ತೆಂಗಿನ ಹಾಲು, ಬಾತುಮೊಟ್ಟೆ, ತಾಳೆಬೆಲ್ಲಗಳನ್ನು ಕಲಸಿ, ಮೇಲೆ ಕಂದು ಕೆನೆ ಕಟ್ಟುವ ಹಾಗೆ ತಟ್ಟೆಯಲ್ಲಿ ಬೇಯಿಸಿದ ಮೋಕೆಂಗ್ ಎಂಬ ಸಿಹಿಯನ್ನು ಕಂಡೂ ಮುಟ್ಟದಿರಲು ವೈರಾಗ್ಯವೇ ಬೇಕು. ಆಕೆ ಮುಟ್ಟಲಿಲ್ಲ. ಆದರೆ ಮನೆಯಲ್ಲಿ ದಿನವೂ ಅದನ್ನು ಮಾಡುತ್ತಿದ್ದಳು.

ಮಾಡುತ್ತಿದ್ದುದು ತೊಂಗ್ಯೂಗಾಗಿ. ಅವನಿಗೆ ಮೋಕೆಂಗ್ ಪಂಚಪ್ರಾಣ. ಬೆಳಗ್ಗೆ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬಂದಾಗ, ಅನ್ನ ಮತ್ತು ಸಾರಿನ ಜೊತೆಗೆ ಒಂದು ದೊಡ್ಡ ತುಂಡನ್ನು ಎಲೆಯಲ್ಲಿ ಕಟ್ಟಿ, ಗಂಡನ ಹೆಸರು ಹೇಳಿ, ಸಾಲಿನ ಮೊದಲ ಭಿಕ್ಷುವಿನ ಪಾತ್ರೆಗೆ ಹಾಕುವಳು. ಆಮೇಲೆ ತರ್ಪಣದ ಹಾಗೆ ಗಿಡದ ಬುಡಕ್ಕೆ ನೀರು ಬಿಡುತ್ತ, "ಉಣ್ರೀ, ಬಿಸಿಯಾಗಿದೆ" ಎಂದು ಮೆಲ್ಲಗೆ ಹೇಳುವಳು. ಪಾತ್ರೆಗೆ ಬಿದ್ದದ್ದು ಹೋದವರಿಗೆ ತಲುಪುತ್ತದೆ. ಇದನ್ನು ಅನುಮಾನಿಸುವವರು ನಮ್ಮ ಊರಿನಲ್ಲಿ ಯಾರೂ ಇಲ್ಲ, ನಾನೂ ಅನುಮಾನಿಸುವುದಿಲ್ಲ.

ಸಾಲಿನ ಮುಂದಿರುತ್ತಿದ್ದವರು ನಮ್ಮ ವಿಹಾರದ ಹಿರಿಯ ಭಿಕ್ಷು ಬುನ್ಮಾ ಗುರುಗಳು. ಸಾಮ್ಲಿಯಕ್ಕನ ಒಡಹುಟ್ಟಿದ ತಮ್ಮ. ದಪ್ಪ ಮೈ, ದೊಡ್ಡ ನಗು. ಚಿಕ್ಕಂದಿನಲ್ಲಿ ಕಾಲುವೆಯಲ್ಲೇ ಬಿದ್ದಿರುತ್ತಿದ್ದುದರಿಂದ ಅಕ್ಕ ಅವರನ್ನು ಕಪ್ಪೆ ಎಂದು ಕರೆಯುತ್ತಿದ್ದಳಂತೆ. ಅವರು ಕಾವಿ ಉಟ್ಟ ದಿನದಿಂದ ತಾನೇ ಅವರಿಗೆ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸುತ್ತಿದ್ದಳು. ಊರಿನವರನ್ನೆಲ್ಲ ಆಸ್ಪತ್ರೆಗೆ ಎಳೆದ ಆಕೆಯ ಕೈಗೆ ಸಿಗದೆ ಉಳಿದವರು ಅವರೊಬ್ಬರೇ. ಆರೋಗ್ಯ ಕೇಂದ್ರದಲ್ಲಿ ಇದ್ದವರೆಲ್ಲ ಹೆಂಗಸರು, ಭಿಕ್ಷುವನ್ನು ಹೆಂಗಸು ಮುಟ್ಟುವಂತಿಲ್ಲ.

"ನಾನೇನೋ ತಯಾರು ಅಕ್ಕ. ನಿಯಮ ಬಿಡ್ಬೇಕಲ್ಲ?" ಎಂದು ಗುರುಗಳು ಹೊಟ್ಟೆ ಕುಲುಕಿಸಿ ನಗುವರು. ನಿಯಮದ ಮರೆಯಲ್ಲಿ ಅಡಗಲು ಬಲು ಸುಖವಾದ ಜಾಗ ಸಿಕ್ಕಿತ್ತು ಅವರಿಗೆ.

ಹೋದ ಮಳೆಗಾಲದ ಹೊತ್ತಿಗೆ ಕೇಂದ್ರಕ್ಕೆ ನಿಕೋಮ್ ಎಂಬ ಗಂಡು ದಾದಿ ವರ್ಗವಾಗಿ ಬಂದ. ಅವನು ಸಾಮಾನನ್ನಿನ್ನೂ ಬಿಚ್ಚಿರಲಿಲ್ಲ, ಅಷ್ಟರಲ್ಲೇ ಸಾಮ್ಲಿಯಕ್ಕ ಬಾಗಿಲಲ್ಲಿ ನಿಂತಿದ್ದಳು. ಮುಂದಿನ ಹುಣ್ಣಿಮೆಯ ದಿನ, ಪಂಚಶೀಲ ಸ್ವೀಕರಿಸಲು ಜನ ನೆರೆದಿದ್ದಾಗಲೇ, ಅವನನ್ನು ವಿಹಾರದ ಜಗಲಿಗೆ ಕರೆತಂದಳು. "ಗುರುಗಳೇ, ನಿಯಮ ಬಂದಿದೆ. ಪ್ಯಾಂಟು ಹಾಕ್ಕೊಂಡ್ ಬಂದಿದೆ" ಎಂದಳು. ಗುರುಗಳು ನಗುತ್ತಲೇ ಬೆರಳು ಚಾಚಿದರು.

ಸಕ್ಕರೆ ಅಳೆಯುವ ಯಂತ್ರದಲ್ಲಿ ಸಂಖ್ಯೆ ಮಿತಿ ಮೀರಿದ್ದನ್ನು ನೋಡಿ ನಿಕೋಮ್ ಅವರ ಕಾಲ ಬಳಿ ಕೂತ. ಗುರುಗಳ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಚೀಲದಿಂದ ಗಡುಸಾದ ನೈಲಾನು ಎಳೆಯೊಂದನ್ನು ತೆಗೆದು, "ಕಣ್ಣು ಮುಚ್ಕೊಳಿ ಗುರುಗಳೇ. ಎಳೆ ತಗುಲಿದಾಗ ಹೇಳಿ" ಎಂದ. ಎಳೆಯಿಂದ ಹೆಬ್ಬೆರಳನ್ನು ಒತ್ತಿದ, ನಡುವೆ ಒತ್ತಿದ, ಹಿಮ್ಮಡಿಯನ್ನು ಒತ್ತಿದ. ಗುರುಗಳು ಕಣ್ಣು ಮುಚ್ಚಿ, ಧ್ಯಾನದಲ್ಲಿ ಕೂತವರ ಹಾಗೆ ಹಸನ್ಮುಖರಾಗಿ ಕಾದರು. ಆಮೇಲೆ ಕೇಳಿದರು: "ಏನಪ್ಪಾ, ಇನ್ನೂ ಶುರು ಮಾಡ್ಲಿಲ್ವಾ?"

ಸಕ್ಕರೆ ಕಾಯಿಲೆ ಅಂಗಾಲಿನ ಸ್ಪರ್ಶವನ್ನೇ ಕೊಂದಿತ್ತು. ಹೆಬ್ಬೆರಳಿನ ಬುಡದಲ್ಲಿ ಗಾಜಿನ ಚೂರೊಂದು ಹೊಕ್ಕು, ಸುತ್ತ ಕೀವು ಕಟ್ಟಿ, ಕಪ್ಪಾಗಿತ್ತು. ದಿನವೂ ಆ ಕಾಲಿನಲ್ಲೇ ಅವರು ಬರಿಗಾಲ ಭಿಕ್ಷೆಗೆ ನಡೆದಿದ್ದರು.

"ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ತಡ ಆದ್ರೆ ಕಾಲು ಉಳಿಯಲ್ಲ" ಎಂದ ನಿಕೋಮ್.

"ವರ್ಷಾವಾಸ ಕಣಪ್ಪ. ಮೂರು ತಿಂಗಳು ವಿಹಾರ ಬಿಟ್ಟು ಹೊರಗೆ ಮಲಗೋ ಹಾಗಿಲ್ಲ. ಮುಗೀಲಿ."

"ಕಾರಣ ಇದ್ರೆ ಏಳು ದಿನ ಹೋಗ್ಬರ್ಬೋದು ಅಂತ ಬುದ್ಧದೇವರೇ ಹೇಳಿದಾರೆ. ನೀವೇ ಪ್ರವಚನದಲ್ಲಿ ಹೇಳಿದ್ರಿ" ಎಂದಳು ಸಾಮ್ಲಿಯಕ್ಕ. ಗುರುಗಳು ಕಾಲನ್ನು ಮತ್ತೆ ನಿಕೋಮ್ ಕಡೆಗೆ ಚಾಚಿದರು.

ನಿಕೋಮ್ ಕಾಲಿಗೆ ಪಟ್ಟಿ ಸುತ್ತುತ್ತ, ಸಿಹಿ ಜಾಸ್ತಿ ತಿಂತೀರಾ ಎಂದು ಕೇಳಿದ. ಭಿಕ್ಷೆಯಲ್ಲಿ ಬಿದ್ದದ್ದು ಉಣ್ಣುವುದು, ಇಂಥದು ಬೇಕು ಇಂಥದು ಬೇಡ ಎನ್ನದಿರುವುದು ನಮ್ಮ ಧರ್ಮವೆಂದು ಗುರುಗಳು ಹೇಳಿದರು. ಹಾಗಾದರೆ ಹಾಕುವವರಿಗೇ ಹೇಳಬೇಕು ಎಂದು ಅವನು ಸುತ್ತ ನೋಡಿದ. ನೆರೆದಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. ಪ್ರತಿಯೊಬ್ಬರ ಮನೆಯಲ್ಲೂ ಹೋದವರಿದ್ದರು, ಹೋದವರಿಗೆ ಇಷ್ಟವಾದ ಸಿಹಿಯಿತ್ತು.

"ನಾನು ದಿನಾ ಹಾಕ್ತಿದ್ನಲ್ಲ, ಅದನ್ನ ಬೇರೆಯವರಿಗೆ ಕೊಡ್ಬಾರ್ದಿತ್ತಾ? ನಾಯಿಗಾದ್ರೂ ಹಾಕ್ಬಾರ್ದಿತ್ತಾ?" ಎಂದು ಸಾಮ್ಲಿಯಕ್ಕ ತಮ್ಮನನ್ನು ಕೇಳಿದಳು.

"ಅದು ಭಾವನ ಪಾಲು ಅಕ್ಕ" ಎಂದರು ಗುರುಗಳು. "ನೀನು ಅವನ ಹೆಸರು ಹೇಳಿ ಹಾಕ್ತಿದ್ದೆ. ನಾಯಿಗೆ ಹೆಂಗೆ ಹಾಕ್ಲಿ? ಒಂದು ಚೂರೂ ಬಿಡದೆ ನಾನೇ ತಿಂತಿದ್ದೆ."

ಸಂಜೆ ತಮ್ಮನನ್ನು ಆಸ್ಪತ್ರೆಗೆ ಸೇರಿಸಿ ಬಂದು ಆಕೆ ನಮ್ಮ ಜಗಲಿಯಲ್ಲಿ ಕುಸಿದು ಕೂತಳು. ಆಕೆ ಅಳುವುದನ್ನು ನಾನು ಅಂದೇ ಮೊದಲು ಕಂಡದ್ದು. "ಬದುಕಿದ್ದಾಗ ಅವರನ್ನ ಒಂದು ಸಲಾನೂ ಆಸ್ಪತ್ರೆಗೆ ಎಳ್ಕೊಂಡ್ ಹೋಗ್ಲಿಲ್ಲ ಮೇಷ್ಟ್ರೇ. ಸತ್ತ ಮೇಲೆ ನನ್ ಕೈಯಲ್ಲಿ ಆಗ್ತಿದ್ದದ್ದು ಅದೊಂದೇ. ನಾನು ಸಿಹಿ ಬಿಟ್ಟೆ, ಕಪ್ಪೆಗೆ ತಿನ್ನಿಸ್ದೆ. ಈಗ ನಿಲ್ಲಿಸಿದ್ರೆ ಅಲ್ಲಿ ಅವರು ಕೈ ಒಡ್ಡಿ ಕಾಯ್ತಾ ಇರ್ತಾರಲ್ಲ?" ಸತ್ತವನ ಹಸಿವು ಒಂದು ಕಡೆ, ಬದುಕಿರುವವನ ಕಾಲು ಇನ್ನೊಂದು ಕಡೆ. ನಡುವೆ ಆ ಮುದುಕಿ ಕೂತಿದ್ದಳು.

ಮಾರನೆಯ ಬೆಳಗ್ಗೆ ನಾನು ವಿಹಾರಕ್ಕೆ ಹೋದಾಗ ಆಕೆ ಹಿಂದಿನ ಗೋಡೆಯ ಬಳಿ ಇದ್ದಳು. ಆ ಗೋಡೆಯ ಗೂಡಿನಲ್ಲಿ ತೊಂಗ್ಯೂವಿನ ಅಸ್ಥಿಯಿದೆ, ಮೇಲೆ ಅವನ ಪಟವಿದೆ. ನನ್ನನ್ನು ಕಂಡರೂ ಆಕೆ ಮಾತು ನಿಲ್ಲಿಸಲಿಲ್ಲ. ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

"ಕೇಳಿಸ್ತೇನ್ರೀ? ನಾಳೆಯಿಂದ ಸಿಹಿ ಇಲ್ಲ. ನಿಮಗೂ ಸಕ್ಕರೆ ಇದ್ದಿರ್ಬೇಕು, ನೋಡಿಸಿದ್ರೆ ತಾನೇ ಗೊತ್ತಾಗೋದು? ಬದುಕಿದ್ದಾಗ ಒಂದು ದಿನ ನನ್ನ ಮಾತು ಕೇಳ್ಲಿಲ್ಲ. ಈಗ ಕೇಳ್ಬೇಕು. ಸುಟ್ಟ ಮೀನು, ಬೇಯಿಸಿದ ಸೊಪ್ಪು ಹಾಕ್ತೀನಿ. ಉಣ್ಣಿ. ಮುಖ ಸಿಂಡರಿಸ್ಬೇಡಿ."

ಬೈದು ಮುಗಿಸಿ, ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು, ಪಟದ ಗಾಜನ್ನು ಅಂಗೈಯಿಂದ ಉಜ್ಜಿ ಹೊಳೆಯಿಸಿದಳು.

ಮುಂದೆ ಆಕೆ ಮನೆಮನೆಗೂ ಹೋದಳು. ಎದುರು ಮನೆಯಾಕೆ ಜಗಳಕ್ಕೇ ನಿಂತಳು: "ನಮ್ಮಮ್ಮಂಗೆ ಮೊಟ್ಟೆಸಿಹಿ ಅಂದ್ರೆ ಪ್ರಾಣ. ಸತ್ತೋರಿಗೂ ಪಥ್ಯ ಮಾಡಿಸ್ತೀಯಾ?"

"ಮಾಡಿಸ್ತೀನಿ. ನಿಮ್ಮಮ್ಮಂದೂ ತಪಾಸಣೆ ಆಗಿರ್ಲಿಲ್ಲ ತಾನೇ?"

ಗುರುಗಳ ಕಾಲು ಉಳಿಯಿತು, ಹೆಬ್ಬೆರಳು ಉಳಿಯಲಿಲ್ಲ. ವರ್ಷಾವಾಸ ಕಳೆದು ಬಹುದಿನಗಳ ಮೇಲೆ ಅವರು ಮತ್ತೆ ಭಿಕ್ಷೆಗೆ ಹೊರಟರು, ರೋಗಿಗೆ ಅನುಮತಿಯಿರುವ ಮೆತ್ತನೆಯ ಚಪ್ಪಲಿ ಮೆಟ್ಟಿ, ಕೊಂಚ ಕುಂಟುತ್ತ, ಅರ್ಧಕ್ಕೆ ಇಳಿದ ಹೊಟ್ಟೆಯೊಡನೆ. ಸಾಮ್ಲಿಯಕ್ಕ ಗಂಡನ ಹೆಸರು ಹೇಳಿ, ಸೊಪ್ಪಿನ ಪೊಟ್ಟಣವನ್ನೂ ಎರಡು ಸೀಬೆಹಣ್ಣನ್ನೂ ಪಾತ್ರೆಗೆ ಹಾಕಿದಳು. ಭಿಕ್ಷೆಯ ವೇಳೆ ಮಾತಾಡದ ಗುರುಗಳು ಅಂದು ಮೆಲ್ಲನೆ ಹೇಳಿದರು: "ಭಾವನಿಗೆ ಸೀಬೆ ಒಗ್ಗಿದೆ ಅಕ್ಕ." ಆಕೆ ಮಂಡಿಯೂರಿ ಕೈಮುಗಿದವಳು, ಸಾಲು ಬೀದಿಯ ತಿರುವು ದಾಟುವವರೆಗೂ ಏಳಲಿಲ್ಲ.

ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ನೋವಿಲ್ಲದ ದಿನ ವೈದ್ಯರ ಕದ ತಟ್ಟುವವರು, ನಮ್ಮನ್ನೂ ಎಬ್ಬಿಸಿ ಹೊರಡಿಸುವವರು. ಬದುಕಿನ ಆಸೆ ಇವರಿಗೆ ತುಸು ಜಾಸ್ತಿಯೆಂದು ನಾವು ಆಡಿಕೊಳ್ಳುತ್ತೇವೆ. ಹತ್ತಿರದಿಂದ ನೋಡಿದರೆ ಅವರು ಬಹುತೇಕ ಹಿಂದೊಮ್ಮೆ ತಡವಾಗಿ ತಲುಪಿದವರು; ಆ ಒಂದು ತಡದ ಸಂಕಟವೇ ಅವರನ್ನು ಎಲ್ಲ ಕಡೆಗೂ ಬೇಗ ಓಡಿಸುತ್ತಿರುತ್ತದೆ. ಹೋದವರ ಮೇಲಿನ ಪ್ರೀತಿಯನ್ನು ಹೋದವರಿಗೇ ಉಣಿಸುತ್ತ ಕೂರುವುದು ಸುಲಭ, ನಾವು ಹೆಚ್ಚಿನವರು ಮಾಡುವುದು ಅದನ್ನೇ. ಹೋದವರ ಎಲೆಯಿಂದ ಒಂದು ತುತ್ತನ್ನು ತೆಗೆದು ಬದುಕಿರುವವರ ಕಡೆಗೆ ಸರಿಸಲು ಗಟ್ಟಿ ಎದೆ ಬೇಕು. ಅದಕ್ಕೆ ಹೋದವರ ಒಪ್ಪಿಗೆ ಇದೆಯೋ ಇಲ್ಲವೋ ಕೇಳಿ ತಿಳಿಯುವ ಹಾಗಿಲ್ಲ; ಕೇಳಿ ತಿಳಿಯಲಾಗದೆಯೂ ಹಾಗೆ ಮಾಡಬಲ್ಲವರು ಕೆಲವರಿರುವುದರಿಂದಲೇ ನಾವು ಉಳಿದವರು ನಮ್ಮ ನಮ್ಮ ಕಾಲಿನ ಮೇಲೆ ಮುದುಕರಾಗುತ್ತಿದ್ದೇವೆ.