ಬೂದಿ ತೋಟ

"ಕೈಗೆ ಗ್ಲೌಸ್ ಹಾಕ್ಕೊಳ್ಳಿ ಸಿರಿಲ್, ರಕ್ತ ಬರ್ತಿದೆ" ಎಂದು ಪಕ್ಕದ ಮನೆಯ ಮಿಸೆಸ್ ಪೆಗ್ ಬೇಲಿಯಾಚೆಯಿಂದ ಹೇಳುವಷ್ಟರಲ್ಲಿ ಸಿರಿಲ್ ಏಳನೆಯ ಸೀ ಹಾಲಿ ಹೂವನ್ನೂ ಕತ್ತರಿಸಿಯಾಗಿತ್ತು. ಮುಳ್ಳುಹೂ ಅದು, ದಂಟಿನವರೆಗೂ ನೀಲಿ. ಬೆರಳು ಒದ್ದೆಯಾದದ್ದು ಅವನಿಗೆ ಗೊತ್ತಾಗಿತ್ತು, ಇಬ್ಬನಿ ಎಂದುಕೊಂಡಿದ್ದ.

ಬೀದಿಯಲ್ಲಿ ಕಪ್ಪು ಕಾರು ನಿಂತಿತ್ತು. ಅದರೊಳಗಿನ ಪೆಟ್ಟಿಗೆಯಲ್ಲಿ ಅವನ ಹೆಂಡತಿ ಹಿಲ್ಡಾ ಇದ್ದಳು.

"ಬರೀ ಮುಳ್ಳೇ ಆಯ್ತಲ್ಲ. ನಮ್ಮನೇದು ನಾಲ್ಕು ಕೆಂಪು ಜೆರೇನಿಯಂ ಕೊಡ್ಲಾ?"

"ಬೇಡಿ. ಅವಳು ಬೆಳೆಸಿದ್ದೇ ಸಾಕು."

ಗೇಟಿನಿಂದ ಬಾಗಿಲವರೆಗೆ ದಾರಿಯ ಎರಡೂ ಬದಿ ಹಿಲ್ಡಾ ಬೆಳೆಸಿದ್ದೇ. ಹಿಂದೆ ಎತ್ತರಕ್ಕೆ ಉಂಡೆ ಮುಳ್ಳುಹೂ, ನಡುವೆ ಸೀ ಹಾಲಿ, ಮಾಚಿಪತ್ರೆಯ ಜಾತಿಯ ಬೆಳ್ಳಿ ಎಲೆಯ ಪೊದೆಗಳು, ಅಂಚಿಗೆ ಚೆಲ್ಲಿದಂತೆ ಪುದೀನ ಜಾತಿಯ ನೀಲಿ ಹೂವಿನ ಕ್ಯಾಟ್‌ಮಿಂಟ್. ಮೂವತ್ತು ವರ್ಷ ಅವು ಚಳಿಗಾಲದಲ್ಲಿ ಸತ್ತಂತೆ ಮಲಗಿ, ವಸಂತದಲ್ಲಿ ತಾವಾಗಿಯೇ ಎದ್ದಿದ್ದವು. ಕೆಂಪು ಹೂ ಒಂದೂ ಇರಲಿಲ್ಲ. ಊರಿನವರು ಅದಕ್ಕೆ ಬೂದಿ ತೋಟ ಅನ್ನುತ್ತಿದ್ದರು.

*

ಚರ್ಚಿನಿಂದ ಬಂದವರು ಮುಂದಿನ ಕೋಣೆಯಲ್ಲಿ ಟೀ ಕುಡಿಯುತ್ತ, ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ಕೂತಿದ್ದರು. ಹಿಲ್ಡಾಳ ತಂಗಿ ಮೇವಿಸ್ ಟೋಪಿಯನ್ನೂ ತೆಗೆಯದೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ಮೂವತ್ತೊಂದು ವರ್ಷದ ಮೇಲೆ ಅವಳು ಈ ಮನೆಯೊಳಗೆ ಕಾಲಿಟ್ಟಿದ್ದು ಇವತ್ತೇ. ಅವಳು ಹುಟ್ಟಿ ಬೆಳೆದ ಮನೆ ಇದು.

"ಹಿಲ್ಡಾ ಯಾರ ಗೊಡವೆಗೂ ಹೋದೋಳಲ್ಲ ಬಿಡಿ" ಎಂದರು ಪೆಗ್. "ಸ್ವಲ್ಪ ತಣ್ಣನೆ ಹೆಂಗಸು, ಅಷ್ಟೇ. ತೋಟ ನೋಡಿದ್ರೆ ಗೊತ್ತಾಗತ್ತೆ."

"ತಣ್ಣಗೇನು, ಕಲ್ಲು" ಎಂದಳು ಮೇವಿಸ್. "ಈ ದಾರಿ ಉದ್ದಕ್ಕೂ ನಮ್ಮಮ್ಮನ ಕೆಂಪು ಗುಲಾಬಿ ಇತ್ತು. ಅಮ್ಮ ಹೋಗಿ ವರ್ಷ ಆಗಿರ್ಲಿಲ್ಲ, ಅಷ್ಟನ್ನೂ ಕಿತ್ತು ಸುಟ್ಟು ಹಾಕಿದ್ಲು. ಯಾಕೆ ಅಂತ ಕೇಳಿದ್ರೆ, ಆ ಬಣ್ಣ ನಂಗೆ ಹಿಡಿಸಲ್ಲ ಅಂದ್ಲು. ಮುಖ ನೋಡ್ಕೊಂಡು ಹಾಗಂದ್ಲು."

ಟೀ ಕೆಟಲ್ ಹಿಡಿದು ಬಂದ ಸಿರಿಲ್ ಹೊಸಿಲಲ್ಲೇ ನಿಂತ.

*

ಅಮ್ಮ ತೀರಿಕೊಂಡ ಆ ವರ್ಷದ ಬೇಸಿಗೆಯಲ್ಲಿ ಹಿಲ್ಡಾ ಊಟದ ಮೇಜಿಗೆ ಒಂದು ಗುಲಾಬಿ ತಾ ಎಂದು ಅವನನ್ನು ಕಳಿಸಿದ್ದಳು. ಬಹಳ ಹೊತ್ತಾದರೂ ಬರದಿದ್ದಾಗ ಹೊರಗೆ ಬಂದು ನೋಡಿದರೆ, ಹೂಬಿಟ್ಟು ಬಾಗಿದ ಗಿಡದ ಮುಂದೆ ನಿಂತು ಅವನು ಎಲೆಗಳನ್ನು ಕೈಯಿಂದ ತಡವುತ್ತಿದ್ದ.

"ಆಟ ಆಡ್ತಿದ್ದೀಯೇನೋ?" ಎಂದು ನಕ್ಕಳು. ಅವನು ನಗದೆ ಎಲ್ಲ ಹೇಳಿದ.

ಹದಿನಾರರಲ್ಲಿ ರೈಲ್ವೆ ಕೆಲಸ ಕೇಳಲು ಹೋದಾಗ ಕಣ್ಣಿನ ಪರೀಕ್ಷೆಗೆಂದು ಮುಂದಿಟ್ಟ ಬಣ್ಣದ ಉಣ್ಣೆಯ ಎಳೆಗಳಲ್ಲಿ ಕೆಂಪು ಯಾವುದು, ಹಸಿರು ಯಾವುದು ಎಂದು ಅವನಿಗೆ ಹೇಳಲಾಗಿರಲಿಲ್ಲ. ಇಂಜಿನ್ ಓಡಿಸುತ್ತಿದ್ದ ಅಪ್ಪ, ಈ ಮಾತು ಹೊರಗೆ ಬಿದ್ದರೆ ನನ್ನ ಮಾನ ಹೋಗುತ್ತದೆ ಎಂದಿದ್ದ. ಅವನು ಅಂಚೆಯವನಾದ, ಕೆಂಪು ಡಬ್ಬಿಗಳನ್ನು ಆಕಾರ ನೋಡಿ ಗುರುತಿಸುತ್ತಿದ್ದ.

"ಯಾರಿಗೂ ಹೇಳ್ಬೇಡ. ನಿಮ್ಮ ಮೇವಿಸ್‌ಗೂ."

"ಹೇಳಲ್ಲ. ನಿಂಗೆ ಚೆನ್ನಾಗಿ ಕಾಣೋದು ಯಾವ್ದು?"

"ನೀಲಿ. ಬೆಳ್ಳಿ ಥರದ್ದು."

ಆ ಚಳಿಗಾಲ ಅವಳು ನೆಲ ಅಗೆದಳು. ಮಾರ್ಚ್‌ನಲ್ಲಿ ಕುಂಡಗಳನ್ನು ದಾರಿಯುದ್ದಕ್ಕೂ ಜೋಡಿಸಿ, ಅವನನ್ನು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲಿಸಿ, ಒಂದೊಂದನ್ನೇ ಅತ್ತಿತ್ತ ಸರಿಸುತ್ತ, "ಈಗ ಎದ್ದು ಕಾಣತ್ತಾ? ಈಗ?" ಎಂದು ಕೂಗಿ ಕೇಳಿದಳು.

ಮೇವಿಸ್ ಬಂದು ಜಗಳವಾಡಿ ಹೋದ ದಿನವೂ ಅವನು ಅದೇ ಅಡುಗೆಮನೆಯಲ್ಲಿದ್ದ. ಹಿಲ್ಡಾ ಹೇಳಿದ ಸುಳ್ಳು ಗೋಡೆಯಾಚೆಯಿಂದ ಕೇಳಿಸಿತು. ಹೊರಗೆ ಬರಲು ಅವನಿಗೆ ಧೈರ್ಯ ಸಾಲಲಿಲ್ಲ. ಆ ರಾತ್ರಿ ಅವಳು ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ.

*

"ಅವಳಿಗೆ ಕೆಂಪು ಅಂದ್ರೆ ಬಲು ಇಷ್ಟ" ಎಂದ ಸಿರಿಲ್.

ಎಲ್ಲರೂ ತಿರುಗಿ ನೋಡಿದರು. ಅವನು ಕೆಟಲನ್ನು ಮೇಜಿನ ಮೇಲಿಟ್ಟ.

"ನಂಗೆ ಕೆಂಪು ಕಾಣಲ್ಲ, ಮೇವಿಸ್. ಚಿಕ್ಕಂದಿನಿಂದ್ಲೂ. ನಿಮ್ಮಮ್ಮನ ಗುಲಾಬಿ ನನ್ ಕಣ್ಣಿಗೆ ಬರೀ ಸೊಪ್ಪು. ಅದಕ್ಕೇ ಕಿತ್ಲು. ಯಾರಿಗೂ ಹೇಳ್ಬೇಡ ಅಂತ ನಾನೇ ಮಾತು ತಗೊಂಡಿದ್ದೆ."

ಕೋಣೆಯಲ್ಲಿ ಯಾರೋ ಟೀ ಕಪ್ಪನ್ನು ಸಾಸರಿನ ಮೇಲಿಟ್ಟ ಸದ್ದಾಯಿತು.

"ಅವತ್ತು ನೀನು ಮನೇಲೇ ಇದ್ದೆ" ಎಂದಳು ಮೇವಿಸ್.

"ಇದ್ದೆ."

"ಎಲ್ಲಾ ಕೇಳಿಸ್ಕೊಂಡೆ."

"ಹೂಂ."

"ಮೂವತ್ತೊಂದು ವರ್ಷ, ಸಿರಿಲ್. ಇವತ್ತು ಬೆಳಿಗ್ಗೆ ಹೇಳಿದ್ರೂ ಪೆಟ್ಟಿಗೆ ಮುಚ್ಚೋ ಮೊದ್ಲು ಅವಳ ಹತ್ರ ಎರಡು ಮಾತಾಡ್ತಿದ್ದೆ."

ಮೇವಿಸ್ ಎದ್ದು ಹೊರಗೆ ಹೋದಳು. ಹೊರಟುಹೋದಳು ಎಂದೇ ಎಲ್ಲರೂ ತಿಳಿದರು. ಪೆಗ್ ಮಾತ್ರ, "ಬೂದಿ ತೋಟ ಅಂತ ಹೆಸರಿಟ್ಟಿದ್ದು ನಾನೇ" ಎಂದು ಯಾರಿಗೂ ಅಲ್ಲದಂತೆ ಹೇಳಿ, ಖಾಲಿ ತಟ್ಟೆಗಳನ್ನು ಒಟ್ಟುಮಾಡತೊಡಗಿದರು.

ಒಬ್ಬೊಬ್ಬರಾಗಿ ಜನ ಕೈಕುಲುಕಿ ಹೊರಟ ಮೇಲೆ ಸಿರಿಲ್ ಬಾಗಿಲಿಗೆ ಬಂದ. ಮೇವಿಸ್ ಹೋಗಿರಲಿಲ್ಲ. ದಾರಿಯ ನಡುವೆ ನಿಂತು ಅಂಚಿನ ಗಿಡಗಳನ್ನು ನೋಡುತ್ತಿದ್ದಳು.

"ಇದೇನು, ಇಲ್ಲೀತನಕ ಕತ್ತರಿಸಿ ಉಳಿದಿದ್ದನ್ನ ಹಾಗೇ ಬಿಟ್ಟಿದ್ದೀಯಾ?"

"ಕ್ಯಾಟ್‌ಮಿಂಟ್. ಈ ತಿಂಗಳು ಕತ್ತರಿಸಿದ್ರೆ ಸೆಪ್ಟೆಂಬರಿಗೆ ಇನ್ನೊಂದ್ ಸಲ ಹೂ ಬಿಡತ್ತೆ. ಆಸ್ಪತ್ರೆಗೆ ಹೋಗೋ ದಿನ ಅಲ್ಲೀತನಕ ಮಾಡಿದ್ಲು."

"ಕತ್ತರಿ ಕೊಡು."

"ನಿನ್ನ ಬಟ್ಟೆ—"

"ಕೊಡು ಅಂದ್ನಲ್ಲ."

ಅವಳು ಶೋಕದ ಕಪ್ಪು ಉಡುಪಿನಲ್ಲೇ ಮಂಡಿಯೂರಿದಳು. ಅವನು ಪಕ್ಕದಲ್ಲಿ ಕೂತು ದಂಟುಗಳನ್ನು ಹಿಡಿ ಹಿಡಿಯಾಗಿ ಬಗ್ಗಿಸಿ ಹಿಡಿದ, ಅವಳು ಕತ್ತರಿಸಿದಳು. ಬಾಗಿಲವರೆಗೆ ತಲುಪುವಷ್ಟರಲ್ಲಿ ದಾರಿಯ ಮೇಲೆ ನೀಲಿ ರಾಶಿ ಬಿದ್ದಿತ್ತು. ಅದನ್ನು ಎತ್ತಲು ಸಿರಿಲ್ ಬುಟ್ಟಿ ತಂದ. ಕತ್ತರಿಸಿ ಬಿದ್ದ ಹೂಗಳ ಮೇಲೂ ಜೇನುಹುಳುಗಳು ಇನ್ನೂ ಕೂತು ಹೀರುತ್ತಿದ್ದವು. ಮೇವಿಸ್ ಅವನ ತೋಳು ಹಿಡಿದು ತಡೆದಳು. ಹುಳುಗಳು ಹಾರಿಹೋಗುವವರೆಗೆ ಇಬ್ಬರೂ ಬುಟ್ಟಿ ಹಿಡಿದು ಹಾಗೇ ನಿಂತರು.