ಶೇಖವ್ವನ ಸೇಬಿಗೆ ಹುಳು ಬಂದದ್ದು ಎಲ್ಲಿಂದ?

ಹಮ್ಮಿಗಿಯ ಶೇಖವ್ವನ ಹಿತ್ತಲಲ್ಲಿ ಆರು ಸೇಬಿನ ಗಿಡಗಳಿವೆ. ನೆಟ್ಟಾಗ ಊರೆಲ್ಲ ನಕ್ಕಿತ್ತು. ಸೇಬು ಅಂದರೆ ಕಾಶ್ಮೀರ, ಈ ಬಿಸಿಲಿಗೆ ಎಲ್ಲಿಯ ಸೇಬು ಎಂದು. ಬಿಸಿಲು ತಡೆಯುವ ತಳಿ ಅದು. ಮೂರನೇ ವರ್ಷ ಕಾಯಿ ಬಿಟ್ಟಾಗ ನಕ್ಕವರೇ ಬೇಲಿ ಹತ್ತಿರ ನಿಂತು ನೋಡತೊಡಗಿದರು.

ಹೋದ ವರ್ಷ ಮಾತ್ರ ಶೇಖವ್ವನಿಗೆ ತಲೆ ತಗ್ಗಿಸುವಂತಾಯಿತು. ಮಗಳು ಸುಶ್ಮಿತಾಳನ್ನು ಶಿರಹಟ್ಟಿಗೆ ಕೊಟ್ಟಿದ್ದರು. ನಮ್ಮ ಹಿತ್ತಲದ್ದು ಎಂದು ಶೇಖವ್ವ ಹೆಮ್ಮೆಯಿಂದ ಬೀಗರ ಮನೆಗೆ ಒಂದು ಬುಟ್ಟಿ ಸೇಬು ಕಳಿಸಿದಳು. ಮೇಲೆ ನೋಡಿದರೆ ಕೆಂಪಗೆ ಚೆಂದ, ಕೊಯ್ದರೆ ಒಳಗೆಲ್ಲ ಬಿಳಿ ಹುಳು. ಬೀಗತಿ ಒಳ್ಳೆಯ ಹೆಂಗಸು, ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಶೇಖವ್ವನಿಗೆ ಹೆಚ್ಚು ಚುಚ್ಚಿತು.

ಈ ವರ್ಷ ಸುಶ್ಮಿತಾ ಬಸುರಿ. ಕಾರ ಹುಣ್ಣಿಮೆ ಹೊತ್ತಿಗೆ ಏಳು ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಬರುವವಳಿದ್ದಳು. ಫೋನು ಮಾಡಿದಾಗಲೆಲ್ಲ ಒಂದೇ ಮಾತು, ಅವ್ವಾ ನಮ್ಮ ಗಿಡದ ಸೇಬು ತಿನ್ನುವ ಬಯಕೆ ಆಗಿದೆ ಎಂದು. ಇನ್ನೂ ಆರು ವಾರ ಇತ್ತು. ಕಾಯಿಗಳು ನಿಂಬೆಹಣ್ಣಿನಷ್ಟಾಗಿದ್ದವು. ಆದರೆ ಮೊದಲೇ ಬಲಿತ ನಾಲ್ಕಾರು ಸೇಬು, ಪಕ್ಕದ ಗಿಡದ ಪೇರಲ ಆಗಲೇ ಹುಳು ಬಿದ್ದು ಉದುರುತ್ತಿದ್ದವು.

ಶೇಖವ್ವ ತಡೆಯಲಾರದೆ, ಹತ್ತಿ ಹೊಲಕ್ಕೆ ಹೊಡೆದು ಉಳಿದಿದ್ದ ಔಷಧದ ಬಾಟಲಿ ತಂದು ಕಟ್ಟೆ ಮೇಲಿಟ್ಟಳು. ಗಂಡ ಚನ್ನಬಸವಣ್ಣ ಪಂಪು ತರಲು ಹೊರಟ. ಅಷ್ಟರಲ್ಲಿ ನಾಗರತ್ನಾ ಬಂದಳು. ಅದೇ ಓಣಿಯವಳು, ಮಹಿಳಾ ಸಂಘದ ಗೆಳತಿ, ರೈತರಿಗೆ ಸಲಹೆ ಕೊಡುವ ಕೃಷಿ ಸಖಿಯಾಗಿ ತರಬೇತಿ ಪಡೆದವಳು.

"ಇದನ್ನ ಯಾತಕ್ಕ ತಗದೀರಿ ಅಕ್ಕಾ?" ಎಂದಳು.

"ಹುಳಕ್ಕ. ಇನ್ನೊಮ್ಮೆ ಬೀಗರ ಮುಂದ ತಲಿ ತಗ್ಗಿಸಾಕ ನನ್ನ ಕಡೆ ಆಗೂದಿಲ್ಲ."

"ಹುಳ ಹಣ್ಣಿನ ಒಳಗ ಐತಿ. ಔಷಧ ಸಿಪ್ಪಿ ಮ್ಯಾಲ ಕುಂಡ್ರತೈತಿ. ಆ ಸಿಪ್ಪಿ ತಿನ್ನಾಕಿ ಯಾರು?"

ಶೇಖವ್ವ ಪಂಪು ಬೇಡ ಎಂದು ಗಂಡನಿಗೆ ಕೈ ಮಾಡಿದಳು. ಆದರೂ ಸೋಲಲು ಮನಸ್ಸಿಲ್ಲ. ದಿನಾ ಬೆಳಿಗ್ಗೆ ಉದುರಿದ ಹಣ್ಣೆಲ್ಲ ಆರಿಸಿ ಹಿತ್ತಲು ಕನ್ನಡಿಯಂತೆ ಇಡುತ್ತೇನೆ, ಇನ್ನೇನು ಮಾಡಲಿ ಎಂದು ವಾದಿಸಿದಳು. ಆರಿಸಿ ಎಲ್ಲಿ ಹಾಕುತ್ತೀರಿ ಎಂದು ನಾಗರತ್ನಾ ಕೇಳಿದಳು. ಇದೇನು ಪ್ರಶ್ನೆ ಎನ್ನುವಂತೆ ಶೇಖವ್ವ ಗೊಬ್ಬರದ ತಿಪ್ಪಿ ತೋರಿಸಿದಳು. ಸೇಬಿನ ಗಿಡಕ್ಕೂ ತಿಪ್ಪಿಗೂ ನಾಲ್ಕು ಹೆಜ್ಜೆ.

ನಾಗರತ್ನಾ ಕಳೆ ತೆಗೆಯುವ ಕುರ್ಪಿ ಹಿಡಿದು ತಿಪ್ಪಿಯ ಅಂಚಿನ ಹಸಿ ಮಣ್ಣು ಕೆದರಿದಳು. ಕಂದು ಬಣ್ಣದ ಕಾಳುಗಳು ಎದ್ದವು. ಗೋಧಿ ಇಲ್ಲಿಗೆ ಹೇಗೆ ಬಂತು ಎಂದು ಶೇಖವ್ವ ಬಗ್ಗಿ ನೋಡಿದಳು.

"ಗೋಧಿ ಅಲ್ಲಕ್ಕಾ. ಉದುರಿದ ಹಣ್ಣಿನ ಹುಳ ಮಣ್ಣಿಗಿಳಿದು ಹಿಂಗ ಕೋಶ ಕಟ್ಟತೈತಿ. ಎಂಟ್ಹತ್ತು ದಿನಕ್ಕ ನೊಣ ಆಗಿ ಹಾರಿ, ಮತ್ತ ನಿಮ್ಮ ಹಣ್ಣಿಗೇ ತತ್ತಿ ಚುಚ್ಚತೈತಿ."

ಒಂದು ಕೋಶ ಒಡೆದು ಅಂಗೈ ಮೇಲಿಟ್ಟಳು. ಒಳಗೆ ರೆಕ್ಕೆ ಮೂಡುತ್ತಿದ್ದ ನೊಣ. ಶೇಖವ್ವ ಅಲ್ಲೇ ಕುಕ್ಕರಿಸಿದಳು.

"ಹಾವಿಗೆ ಹಾಲೆರದಂಗ ಆತು ನನ್ನ ಬಾಳೇವು. ಎರಡು ವರ್ಷದಿಂದ ನಾನೇ ಸಾಕೇನಿ."

ನಾಗರತ್ನಾ ಪಕ್ಕದಲ್ಲಿ ಕೂತು ಭುಜ ಹಿಡಿದಳು. ತನ್ನ ತಾಯಿಯೂ ಹೀಗೇ ಮಾಡುತ್ತಿದ್ದಳು, ಯಾವುದನ್ನೂ ಬಿಸಾಡದೆ ಗೊಬ್ಬರ ಮಾಡುವವರು ನಾವು, ಅದು ತಪ್ಪಲ್ಲ, ಹುಳು ಬಿದ್ದ ಹಣ್ಣು ಮಾತ್ರ ಹಸಿಯಾಗಿ ತಿಪ್ಪಿಗೆ ಹೋಗಬಾರದು ಎಂದಳು.

ಅಂದಿನಿಂದ ಉದುರಿದ ಹಣ್ಣು ದಪ್ಪ ಪ್ಲಾಸ್ಟಿಕ್ ಚೀಲ ಸೇರಿದವು. ಬಾಯಿ ಬಿಗಿಯಾಗಿ ಕಟ್ಟಿ ಹತ್ತು ದಿನ ಬಿಸಿಲಿಗೆ ಇಟ್ಟರೆ ಒಳಗಿನ ಹುಳುವೆಲ್ಲ ಬೆಂದು ಸಾಯುತ್ತದೆ, ಆಮೇಲೆ ತಿಪ್ಪಿಗೆ ಹಾಕಬಹುದು. ಗಿಡದ ಬುಡದ ಮಣ್ಣು ಕೆದರಿ ಕೋಳಿ ಬಿಟ್ಟರು. ತುಳಸಿ ಎಲೆ ಜಜ್ಜಿ ಬೆಲ್ಲದ ನೀರಿನಲ್ಲಿ ಕಲಸಿ, ವಾಸನೆಗೆ ಬಂದ ನೊಣ ಒಳಗೆ ಬೀಳಲೆಂದು ತೂತು ಕೊರೆದ ಹಳೇ ಬಾಟಲಿಗಳಲ್ಲಿ ತೂಗು ಹಾಕಿದರು, ವಾರಕ್ಕೊಮ್ಮೆ ಬದಲಿಸಿದರು. ಕೊನೆಗೆ ಶೇಖವ್ವ ತನ್ನ ಹಳೆಯ ತೆಳು ಸೀರೆ ಹರಿದು ಪುಟ್ಟ ಚೀಲ ಹೊಲಿದು ಒಂದೊಂದು ಕಾಯಿಗೂ ತೊಡಿಸಿದಳು. ಚನ್ನಬಸವಣ್ಣನಿಗೆ ನಗು ತಡೆಯಲಾಗಲಿಲ್ಲ. ಕುಬಸ ತೊಡಿಸುವುದು ಮಗಳಿಗೋ ಗಿಡಕ್ಕೋ ಎಂದು ಛೇಡಿಸಿದ. ಶೇಖವ್ವ ಅವನ ಕೈಗೇ ಏಣಿ ಕೊಟ್ಟಳು.

ಮೂರನೇ ವಾರ ಚಿಗುರಿಗೆ ಸಸ್ಯಹೇನು ಮುತ್ತಿ ಎಲೆ ಮುರುಟಿದವು. ಶೇಖವ್ವನ ಜೀವ ಹಾರಿತು, ಮತ್ತೆ ಆ ಬಾಟಲಿಯೇ ನೆನಪಾಯಿತು. ನಾಗರತ್ನಾ ಒಂದು ಲೀಟರ್ ನೀರಿಗೆ ಐವತ್ತು ಗ್ರಾಂ ಬೇವಿನ ಬೀಜದ ಪುಡಿ ನೆನೆಹಾಕಿಸಿ, ಮರುದಿನ ಸೋಸಿ, ಚೂರು ಸಾಬೂನು ಕಲಸಿ ಸಂಜೆ ಸಿಂಪಡಿಸಲು ಹೇಳಿದಳು. ವಾರ ಬಿಟ್ಟು ಇನ್ನೊಮ್ಮೆ ಸಿಂಪಡಿಸಿದ ಮೇಲೆ ಹೊಸ ಚಿಗುರು ನೆಟ್ಟಗೆ ಬಂತು. ಬಿಳಿ ಬೂದಿ ರೋಗ ಹಿಡಿದಿದ್ದ ಎರಡು ಟೊಂಗೆಗಳನ್ನು ಕತ್ತರಿಸಿ ಸುಟ್ಟರು.

ಎಲ್ಲ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಚೀಲ ಜಾರಿದ ಏಳೆಂಟು ಹಣ್ಣು ಕೆಟ್ಟವು. ಉಳಿದವು ತಿಳಿಗೆಂಪಾಗಿ ತೂಗುತ್ತಿದ್ದವು.

ಸುಶ್ಮಿತಾ ಬಂದವಳು ಕೈಚೀಲ ಇಳಿಸಿ, ನೀರೂ ಕುಡಿಯದೆ ಹಿತ್ತಲಿಗೆ ನಡೆದಳು. ಶೇಖವ್ವ "ತಡಿಯವ್ವ, ತೊಳಕೊಂಡು ತಿನ್ನು" ಎನ್ನುವಷ್ಟರಲ್ಲಿ ಮಗಳು ಬಟ್ಟೆ ಚೀಲ ಬಿಚ್ಚಿ ಹಣ್ಣು ಹರಿದು, ಸೆರಗಿಗೆ ಒರೆಸಿ ಕಚ್ಚಿಯೇ ಬಿಟ್ಟಳು. ಹುಳಿ ಸಿಹಿಗೆ ಕಣ್ಣು ಮುಚ್ಚಿ ನಕ್ಕಳು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಚನ್ನಬಸವಣ್ಣ ಹೆಂಡತಿಯ ಮುಖ ನೋಡಿದ. ಅಂದು ಪಂಪು ತಂದಿದ್ದರೆ ಏನಾಗುತ್ತಿತ್ತು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಶೇಖವ್ವನ ಕಣ್ಣು ತುಂಬಿ ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲಿ ಸೇಬು ಇಲ್ಲದಿರಬಹುದು, ಪೇರಲವೋ ಮಾವೋ ಇರಬಹುದು. ನಾಳೆ ಬೆಳಿಗ್ಗೆ ಉದುರಿದ ಹಣ್ಣು ಆರಿಸಿದಾಗ ತಿಪ್ಪಿಯ ಕಡೆ ಹೋಗಬೇಡಿ, ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಕಾಯಿ ಎಳೆಯದಾಗಿದ್ದಾಗಲೇ ಬಟ್ಟೆ ಕಟ್ಟಿ. ಹೊಲದ ವಿಷ ಹಿತ್ತಲಿಗೆ ತರಬೇಡಿ. ಗಿಡದಿಂದ ಹರಿದ ಹಣ್ಣನ್ನು ಮಕ್ಕಳು, ಬಸುರಿಯರು ತೊಳೆದೇ ತಿನ್ನುತ್ತಾರೆಂದು ಯಾವ ತಾಯಿಯೂ ಖಾತ್ರಿ ಕೊಡಲಾರಳು.